ಸೌದೆಯುರಿಯ ಚಾರಣ ಕೆಟ್ಲಿ: ಕಟ್ಟುವ ಕ್ರಮ, ಪರೀಕ್ಷಿಸುವ ಕ್ರಮ

ನಡುವೆ ಹೊಗೆ ಹೋಗುವ ಕೊಳವೆ, ಅದರ ಸುತ್ತ ನೀರು ತುಂಬುವ ಗೂಡು, ಅಡಿಯಲ್ಲಿ ಪುರಳೆ ಉರಿಸುವ ಬಟ್ಟಲು. ಚಾರಣಕ್ಕೆ ಒಯ್ಯುವ ಹಗುರವಾದ ಸೌದೆ ಕೆಟ್ಲಿಯಲ್ಲಿ ಇರುವುದು ಇಷ್ಟೇ. ಬಚ್ಚಲುಮನೆಯ ತಾಮ್ರದ ಬಾಯ್ಲರನ್ನು ಕಂಡವರಿಗೆ ಅದು ಕೆಲಸ ಮಾಡುವ ಬಗೆಯನ್ನು ವಿವರಿಸಬೇಕಾಗಿಲ್ಲ. ಆದರೂ ಮನೆಯಲ್ಲಿ ಕಟ್ಟಿದ ಕೆಟ್ಲಿಗಳು ಮತ್ತೆ ಮತ್ತೆ ಒಂದೇ ಬಗೆಯಲ್ಲಿ ಕೆಡುತ್ತವೆ. ಎರಡನೆಯ ಅಥವಾ ಮೂರನೆಯ ಬಾರಿ ಉರಿ ಹಚ್ಚಿದಾಗ ಒಳಗೊಳವೆಯ ಬೆಸುಗೆಯಿಂದ ನೀರು ಜಿನುಗಿ ಕೆಂಡವನ್ನು ಆರಿಸುತ್ತದೆ. ಅಷ್ಟು ಹೊತ್ತಿಗೆ ಆ ಬೆಸುಗೆ ಎರಡು ಗೋಡೆಗಳ ನಡುವೆ ಹೂತುಹೋಗಿರುವುದರಿಂದ ಅದನ್ನು ಸರಿಪಡಿಸುವ ದಾರಿಯೇ ಉಳಿದಿರುವುದಿಲ್ಲ.

ಇದು ಬೆಸುಗೆ ಹಾಕಿದವರ ಕೈಚಳಕದ ಕೊರತೆಯಲ್ಲ, ಹೆಚ್ಚಿನ ಸಲ ಕೆಲಸದ ಕ್ರಮದ ತಪ್ಪು. ನನ್ನ ಮೊದಲ ಕೆಟ್ಲಿಯ ಬಿಡಿಭಾಗಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿ ವೆಲ್ಡಿಂಗ್ ಅಂಗಡಿಗೆ ಕೊಟ್ಟು, ಸಂಜೆ ಹೋಗಿ ಮುಗಿದ ಪಾತ್ರೆಯನ್ನು ತಂದೆ. ನಡುವೆ ಎಲ್ಲಿಯೂ ನೀರು ತುಂಬಿ ನೋಡಲಿಲ್ಲ. ಅದು ಮೂರನೆಯ ಉರಿಯಲ್ಲಿ ಸೋರಿತು. ಆದ್ದರಿಂದ ಈ ಬರಹದಲ್ಲಿ ಅಳತೆಗಳಿಗಿಂತಲೂ ಹೆಚ್ಚಾಗಿ ಯಾವುದರ ನಂತರ ಯಾವುದು, ಎಲ್ಲಿ ನಿಂತು ಪರೀಕ್ಷಿಸಬೇಕು ಎಂಬುದಕ್ಕೆ ಒತ್ತು ಕೊಟ್ಟಿದ್ದೇನೆ.

ಬೇಕಾಗುವ ಲೋಹ

ಇಲ್ಲಿ ಕೊಟ್ಟಿರುವ ಅಳತೆಗಳು 1 ಲೀಟರ್ ನೀರು ಕುದಿಸುವ ಕೆಟ್ಲಿಗೆ ಸಂಬಂಧಿಸಿದವು. ಲೋಹವಾಗಿ 0.5 ಮಿ.ಮೀ. ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಆರಿಸಿಕೊಂಡಿದ್ದೇನೆ. ನೀರಿನ ಗೂಡಿಗೆ ಸುಮಾರು 1,200 ಚದರ ಸೆಂ.ಮೀ. ತಗಡು ಹಿಡಿಯುವುದರಿಂದ ಅದರ ತೂಕ 475 ಗ್ರಾಂ ಆಸುಪಾಸಿನಲ್ಲಿರುತ್ತದೆ. ಮೂತಿ, ಹಿಡಿ, ಉರಿಬಟ್ಟಲು ಸೇರಿದರೆ ಮುಕ್ಕಾಲು ಕಿಲೋ ಒಳಗೆ ಮುಗಿಯುತ್ತದೆ. 0.4 ಮಿ.ಮೀ. ತಗಡು ಬಳಸಿದರೆ ಇನ್ನೂ ನೂರು ಗ್ರಾಂನಷ್ಟು ಉಳಿಸಬಹುದಾದರೂ, ಅಷ್ಟು ತೆಳುವಾದ ಅಂಚು ಬೆಸೆಯುವಾಗ ತೂತು ಬೀಳುವ ಸಂಭವ ಬಹಳ ಹೆಚ್ಚು. ಮೊದಲ ಕೆಟ್ಲಿಗೆ ಅದು ಬೇಡ.

ತಗಡು ಕೊಳ್ಳುವಾಗ ಒಂದು ಎಚ್ಚರ ಅಗತ್ಯ. ಮಾರುಕಟ್ಟೆಯಲ್ಲಿ ದೊರೆಯುವ 202 ದರ್ಜೆಯ ತಗಡಿಗೂ ಅಯಸ್ಕಾಂತ ಅಂಟುವುದಿಲ್ಲ. ಆದ್ದರಿಂದ ಅಯಸ್ಕಾಂತ ಹಿಡಿದು ನೋಡಿ 304 ಎಂದು ನಂಬುವಂತಿಲ್ಲ. 202 ತಗಡು ಬೆಸುಗೆಯ ಪಕ್ಕದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದೇ ಸರಿಯಾದ ದಾರಿ.

ಜಿಐ ತಗಡನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡನ್ನು, ಯಾವ ಕಾರಣಕ್ಕೂ ಬಳಸಬಾರದು. ಅದರ ಮೇಲಿನ ಸತುವಿನ ಲೇಪ 420 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ, ಬೆಸೆಯುವಾಗ ಆವಿಯಾಗಿ ಏಳುತ್ತದೆ. ಆ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿ ಜ್ವರ, ಮೈಕೈ ನೋವು ಬರುತ್ತದೆ. ಅಲ್ಯೂಮಿನಿಯಂ ಹಗುರವೇನೋ ಹೌದು, ಆದರೆ 660 ಡಿಗ್ರಿಯಲ್ಲಿ ಕರಗುವ ಆ ಲೋಹವನ್ನು ತೆಳುವಾದ ತಗಡಿನಲ್ಲಿ ಸೋರದಂತೆ ಬೆಸೆಯಬಲ್ಲವರು ಊರಿಗೊಬ್ಬರೂ ಸಿಗುವುದಿಲ್ಲ. ತಾಮ್ರದ ಕೆಲಸ ಬಲ್ಲವರು ಹತ್ತಿರದಲ್ಲಿದ್ದರೆ ತಾಮ್ರದಲ್ಲೂ ಕಟ್ಟಿಸಬಹುದು; ತೂಕ ಸ್ವಲ್ಪ ಹೆಚ್ಚುತ್ತದೆ, ಒಳಗೆ ಕಲಾಯಿ ಹಾಕಿಸಬೇಕಾಗುತ್ತದೆ, ಮತ್ತು 232 ಡಿಗ್ರಿಗೆ ಕರಗುವ ಆ ತವರ ಉಳಿಯಬೇಕಾದರೆ ಕೆಟ್ಲಿಯನ್ನು ಒಮ್ಮೆಯೂ ನೀರಿಲ್ಲದೆ ಕಾಯಿಸಬಾರದು.

ಬೇಕಾಗುವ ಉಪಕರಣಗಳು

ತಗಡು ಕತ್ತರಿ, ಉಕ್ಕಿನ ಅಳತೆಪಟ್ಟಿ, ದೊಡ್ಡ ಕೈವಾರ (ಮೊಳೆ ಮತ್ತು ದಾರವೂ ಸಾಕು), ಗೀರು ಹಾಕಲು ಚೂಪಾದ ಮೊಳೆ, ಮರದ ಕೊಡತಿ, ಸಣ್ಣ ಅರ, ತಗಡು ಸುತ್ತಲು 4 ಸೆಂ.ಮೀ. ಮತ್ತು 9 ಸೆಂ.ಮೀ. ಆಸುಪಾಸಿನ ಎರಡು ಕಬ್ಬಿಣದ ಪೈಪಿನ ತುಂಡುಗಳು, ಕೈಗವಸು. ಪರೀಕ್ಷೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ, 110 ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್, ಸೀಮೆಸುಣ್ಣ, ದೊಡ್ಡ ಬಕೆಟ್ಟು. ಬೆಸುಗೆಯನ್ನು ಆರ್ಗಾನ್ ವೆಲ್ಡಿಂಗ್ ಮಾಡುವ ಅಂಗಡಿಯಲ್ಲಿ ಮಾಡಿಸುವುದು ಉತ್ತಮ. ಪಾತ್ರೆ, ಕೈಗಂಬಿ ಮಾಡುವ ಅಂಗಡಿಗಳಲ್ಲಿ ತೆಳುವಾದ ತಗಡಿನ ರೂಢಿ ಇರುತ್ತದೆ. ಗೇಟು, ಗ್ರಿಲ್ ಬೆಸೆಯುವ ಅಂಗಡಿ ಈ ಕೆಲಸಕ್ಕೆ ಆಗದು.

ಹಂತ 1: ಒಳಗೊಳವೆಯನ್ನು ಗುರುತಿಸಿ ಕತ್ತರಿಸುವುದು

ಕೊಳವೆ ಅಡಿಯಲ್ಲಿ 9 ಸೆಂ.ಮೀ., ತುದಿಯಲ್ಲಿ 4.5 ಸೆಂ.ಮೀ. ವ್ಯಾಸವಿದ್ದು 18 ಸೆಂ.ಮೀ. ಎತ್ತರಕ್ಕೆ ಕಿರಿದಾಗುತ್ತಾ ಹೋಗಬೇಕು. ಇದನ್ನು ಚಪ್ಪಟೆ ತಗಡಿನಲ್ಲಿ ಬಿಡಿಸಿಕೊಳ್ಳುವಲ್ಲಿಯೇ ಅನೇಕರು ಎಡವುತ್ತಾರೆ. ನೇರ ಪಟ್ಟಿಯನ್ನು ಓರೆಯಾಗಿ ಸುತ್ತಿದರೆ ಅಂಚುಗಳು ಎಂದಿಗೂ ಸಮತಟ್ಟಾಗಿ ಕೂರುವುದಿಲ್ಲ.

ಒಂದು ಬಿಂದುವನ್ನು ನಡುವಾಗಿಟ್ಟುಕೊಂಡು 36.3 ಸೆಂ.ಮೀ. ಮತ್ತು 18.15 ಸೆಂ.ಮೀ. ತ್ರಿಜ್ಯದ ಎರಡು ಕಮಾನುಗಳನ್ನು ಎಳೆಯಿರಿ. ನಡುಬಿಂದುವಿನಿಂದ 44.7 ಡಿಗ್ರಿ ಕೋನದಲ್ಲಿ ಎರಡು ಗೆರೆಗಳನ್ನು ಹಾಯಿಸಿದರೆ ನಡುವೆ ಉಳಿಯುವ ಬೀಸಣಿಗೆಯಾಕಾರದ ತುಂಡೇ ಕೊಳವೆ. ಕೋನಮಾಪಕವನ್ನು ನಂಬಲಾಗದಿದ್ದರೆ ಹೊರಕಮಾನಿನ ಎರಡು ತುದಿಗಳ ನಡುವಿನ ನೇರ ಅಂತರ 27.6 ಸೆಂ.ಮೀ. ಇದೆಯೇ ಎಂದು ಅಳೆದು ನೋಡಿ. ಆರ್ಗಾನ್ ಬೆಸುಗೆಗೆ ಅಂಚಿಗಂಚು ತಾಗಿದರೆ ಸಾಕು; ಬೆಳ್ಳಿ ಬೆಸುಗೆ (ಬೆಳ್ಳಿ ಬೆರೆತ ಕಡ್ಡಿಯನ್ನು ಕರಗಿಸಿ ಕೂಡಿಸುವುದು) ಹಾಕಿಸುವುದಾದರೆ ಒಂದು ಬದಿಗೆ 6 ಮಿ.ಮೀ. ಹೆಚ್ಚು ಬಿಡಬೇಕು. ತಗಡಿಗೆ ಕತ್ತರಿ ಹಾಕುವ ಮೊದಲು ಇದೇ ಆಕಾರವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಸುತ್ತಿ ನೋಡುವುದನ್ನು ಬಿಡಬೇಡಿ.

ತುದಿಯ ವ್ಯಾಸವನ್ನು 4.5 ಸೆಂ.ಮೀ.ಗಿಂತ ಕಿರಿದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಏಕೆಂದರೆ ನೀರಿಗೆ ಹೆಚ್ಚು ಜಾಗ ಸಿಗುತ್ತದೆ ಮತ್ತು ಬಿಸಿ ಒಳಗೇ ನಿಲ್ಲುತ್ತದೆ ಎಂದು ತೋರುತ್ತದೆ. ಆದರೆ ಪುರಳೆಯನ್ನು ಮೇಲಿನಿಂದಲೇ ಹಾಕಬೇಕಾದ ಈ ಕೆಟ್ಲಿಯಲ್ಲಿ ಎರಡು ಕಡ್ಡಿ ಇಳಿಯುವಷ್ಟರಲ್ಲಿ ಬಾಯಿ ಅರ್ಧ ಮುಚ್ಚಿಹೋಗಿ, ಹೊಗೆ ಕೆಳಗಿನ ಗಾಳಿಕಂಡಿಯಿಂದ ಹಿಂದಕ್ಕೆ ಬರುತ್ತದೆ.

ಹಂತ 2: ಹೊರಗೋಡೆ ಮತ್ತು ಬಳೆಗಳು

ಹೊರಗೋಡೆಯ ವ್ಯಾಸ 11.5 ಸೆಂ.ಮೀ., ಎತ್ತರ 18 ಸೆಂ.ಮೀ. ಇದಕ್ಕೆ 36.1 ಸೆಂ.ಮೀ. ಉದ್ದದ ಪಟ್ಟಿ ಬೇಕು. ಹೀಗೆ ಕಟ್ಟಿದ ಗೂಡಿನಲ್ಲಿ ಒಟ್ಟು ಸುಮಾರು 1.2 ಲೀಟರ್ ಹಿಡಿಯುತ್ತದೆ. ಅದರಲ್ಲಿ 1 ಲೀಟರ್ ಮಾತ್ರ ತುಂಬಬೇಕು, ಉಳಿದ ಜಾಗ ಆವಿಗೆ.

ಕೊಳವೆಗೂ ಹೊರಗೋಡೆಗೂ ನಡುವಿನ ಸಂದನ್ನು ಅಡಿಯಲ್ಲೊಂದು, ಮೇಲೊಂದು ತಗಡಿನ ಬಳೆ ಮುಚ್ಚುತ್ತದೆ. ತಳದ ಬಳೆಯನ್ನು 12.1 ಸೆಂ.ಮೀ. ಹೊರವ್ಯಾಸ ಮತ್ತು 8.4 ಸೆಂ.ಮೀ. ಒಳವ್ಯಾಸಕ್ಕೆ ಕತ್ತರಿಸಿ, ಎರಡೂ ಅಂಚುಗಳನ್ನು 3 ಮಿ.ಮೀ. ಅಗಲಕ್ಕೆ ಕೆಳಮುಖವಾಗಿ ಬಗ್ಗಿಸಬೇಕು. ಮೇಲಿನ ಬಳೆಯ ಹೊರವ್ಯಾಸ ಅಷ್ಟೇ, ಒಳವ್ಯಾಸ 3.9 ಸೆಂ.ಮೀ.; ಅದರ ಅಂಚುಗಳು ಮೇಲ್ಮುಖವಾಗಿ ಬಾಗಬೇಕು. ಒಂದೇ ಸಲಕ್ಕೆ ಬಗ್ಗಿಸಿದರೆ ಒಳ ಅಂಚು ಸೀಳುತ್ತದೆ. ಪೈಪಿನ ತುದಿಯ ಮೇಲಿಟ್ಟು ಕೊಡತಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸುತ್ತಿನಲ್ಲಿ ಇಳಿಸಿ.

ಈ 3 ಮಿ.ಮೀ. ಅಂಚನ್ನು ಬೇಡದ ಶ್ರಮವೆಂದು ಬಿಡುವವರೇ ಹೆಚ್ಚು. ಅದರಿಂದ ಆಗುವ ಉಪಕಾರ ದೊಡ್ಡದು: ಬಳೆಯ ಅಂಚೂ ಗೋಡೆಯ ಅಂಚೂ ಒಂದೇ ಮಟ್ಟದಲ್ಲಿ ಜೊತೆಯಾಗಿ ನಿಲ್ಲುವುದರಿಂದ ಬೆಸೆಯುವವರು ಬೇರೆ ಲೋಹದ ಕಡ್ಡಿ ಸೇರಿಸದೆ ಎರಡನ್ನೂ ಕರಗಿಸಿ ಒಂದು ಮಾಡಬಹುದು, ತೆಳುವಾದ ತಗಡು ಸೊಟ್ಟಗಾಗುವುದೂ ಕಡಿಮೆಯಾಗುತ್ತದೆ. ಜೊತೆಗೆ ತಳದಲ್ಲಿ ಎರಡು ಅಂಚುಗಳ ನಡುವೆ ಉಳಿಯುವ ತೋಡು ಉರಿಬಟ್ಟಲಿನ ಬಾಯಿಯನ್ನು ಜಾರದಂತೆ ಹಿಡಿದುಕೊಳ್ಳುತ್ತದೆ.

ಹಂತ 3: ಮೂತಿ ಮತ್ತು ಹಿಡಿ, ಗೋಡೆ ಇನ್ನೂ ಬಿಡಿಯಾಗಿರುವಾಗಲೇ

ಮೂತಿಗೆ 2.5 ಸೆಂ.ಮೀ. ವ್ಯಾಸದ ಸ್ಟೀಲ್ ಪೈಪಿನ ತುಂಡನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ ಹೊರಗೋಡೆಗೆ ಜೋಡಿಸಬೇಕು. ಗೋಡೆಯಲ್ಲಿ ಬೀಳುವ ಮೊಟ್ಟೆಯಾಕಾರದ ಕಂಡಿಯ ಮೇಲಂಚು ಮೇಲಿನ ಬಳೆಯಿಂದ ಅರ್ಧ ಸೆಂ.ಮೀ. ಮಾತ್ರ ಕೆಳಗಿರಲಿ, ಮೂತಿಯ ಹೊರಬಾಯಿ ಮೇಲಿನ ಬಳೆಗಿಂತ 1 ಸೆಂ.ಮೀ. ಎತ್ತರದಲ್ಲಿರಲಿ.

ಕಂಡಿಯನ್ನು ಇನ್ನೂ ಕೆಳಗೆ ಇಟ್ಟರೆ ಅಪಾಯವಿದೆ. ನೀರು ತುಂಬಿದಾಗ ಕಂಡಿ ಪೂರ್ತಿ ಮುಳುಗಿ, ನೀರಿನ ಮೇಲೆ ಸೇರುವ ಆವಿಗೆ ಹೊರಗೆ ಹೋಗುವ ದಾರಿ ಇಲ್ಲವಾಗುತ್ತದೆ. ಆಗ ಆವಿ ಕುದಿನೀರನ್ನೇ ತಳ್ಳುತ್ತದೆ. ಮೂತಿಯಿಂದ ನೀರು ಮೊಳದುದ್ದ ಚಿಮ್ಮುತ್ತದೆ. ಇದೇ ಕಾರಣಕ್ಕೆ 1 ಲೀಟರಿಗಿಂತ ಹೆಚ್ಚು ತುಂಬಬಾರದು. ಒಂದು ಲೀಟರ್ ಅಳೆದು ಹಾಕಿದಾಗ ನೀರಿನ ಮಟ್ಟ ಮೇಲಿನ ಬಳೆಯಿಂದ 2.3 ಸೆಂ.ಮೀ.ನಷ್ಟು ಕೆಳಗೆ, ಅಂದರೆ ಕಂಡಿಯ ನಡುಭಾಗದಲ್ಲಿ ನಿಲ್ಲುತ್ತದೆ.

ಹಿಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಬಕೆಟ್ಟಿನದರಂತೆ ಮೇಲೆ ಬರುವ ತಂತಿಯ ಹಿಡಿ ಹಗುರ, ಮಡಚಲು ಅನುಕೂಲ. ಆದರೆ ಎತ್ತುವ ಕ್ಷಣದಲ್ಲಿ ಕೈ ಬೆಂಕಿಯ ಬಾಯಿಯ ಮೇಲೆ ಹೋಗುತ್ತದೆ. ಮನೆಯಲ್ಲಿ ಕಟ್ಟುವ ಕೆಟ್ಲಿಗೆ ಮೂತಿಯ ಎದುರು ಬದಿಯಲ್ಲಿ ಜಗ್ಗಿನಂತೆ ಪಕ್ಕದ ಹಿಡಿಯನ್ನೇ ಇಡಿಸಿ: 3 ಮಿ.ಮೀ. ಸ್ಟೀಲ್ ಕಂಬಿ, ಗೋಡೆಯಿಂದ 4 ಸೆಂ.ಮೀ. ದೂರ, ಹಿಡಿಯುವ ಕಡೆ ಮರದ ತೋಳು. ಇದರ ಬೆಸುಗೆಯನ್ನೂ ಮೂತಿಯ ಬೆಸುಗೆಯನ್ನೂ ಈ ಹಂತದಲ್ಲಿ ಮುಗಿಸಿದರೆ ಗೋಡೆಯ ಒಳಬದಿಯಿಂದಲೂ ನೋಡಿ ತೃಪ್ತಿಪಟ್ಟುಕೊಳ್ಳಬಹುದು. ಆಮೇಲೆ ಒಳಗಡೆ ಕಾಣುವುದಿಲ್ಲ.

ಹಂತ 4: ಬೆಸುಗೆಯ ಅನುಕ್ರಮ

ವೆಲ್ಡಿಂಗ್ ಅಂಗಡಿಗೆ ಎರಡು ಸಲ ಹೋಗಲು ಸಿದ್ಧರಾಗಿರಿ. ಒಂದೇ ಸಲಕ್ಕೆ ಎಲ್ಲವನ್ನೂ ಮುಗಿಸಿಕೊಡುವೆನೆಂದು ಅವರು ಹೇಳಿದರೂ ಒಪ್ಪಬೇಡಿ.

ಮೊದಲ ಸಲ ಒಳಗೊಳವೆಯ ಉದ್ದ ಬೆಸುಗೆ, ಹೊರಗೋಡೆಯ ಉದ್ದ ಬೆಸುಗೆ, ಮೂತಿ, ಹಿಡಿ. ಕೊಳವೆಯ ಬೆಸುಗೆಯ ಹಿಂಬದಿಗೂ ಆರ್ಗಾನ್ ಹರಿಸಲು ಕೇಳಿಕೊಳ್ಳಿ. ಹಿಂಬದಿ ಗಾಳಿಗೆ ತೆರೆದಿದ್ದರೆ ಅಲ್ಲಿ ಲೋಹ ಕಪ್ಪಾಗಿ ಹರಳುಗಟ್ಟಿ ಒರಟಾಗುತ್ತದೆ. ಅಂಥ ಜಾಗವೇ ಮುಂದೆ ತುಕ್ಕು ಹಿಡಿದು ತೂತಾಗುವುದು. ಈ ಬೆಸುಗೆ ಮುಗಿದೊಡನೆ ಕತ್ತಲೆಯ ಮೂಲೆಯಲ್ಲಿ ಕೊಳವೆಯೊಳಗೆ ಮೊಬೈಲಿನ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಬೆಳಕಿನ ಒಂದೇ ಒಂದು ಚುಕ್ಕೆ ಕಂಡರೂ ಅಲ್ಲೇ ಸರಿಪಡಿಸಿಕೊಳ್ಳಿ. ನಂತರ ಕೊಳವೆ ಮತ್ತು ಹೊರಗೋಡೆಗಳನ್ನು ತಳದ ಬಳೆಗೆ ಸೇರಿಸಲಿ. ಈಗ ನಿಮ್ಮ ಕೈಯಲ್ಲಿರುವುದು ಮೇಲ್ಭಾಗ ತೆರೆದಿರುವ ಎರಡು ಗೋಡೆಯ ಪಾತ್ರೆ. ಅಂಗಡಿಯ ಕೆಲಸವನ್ನು ಇಲ್ಲಿಗೆ ನಿಲ್ಲಿಸಿ ಮನೆಗೆ ತನ್ನಿ.

ಅಂಗಡಿಯಲ್ಲಿ ಆರ್ಗಾನ್ ಬದಲು ಬೆಳ್ಳಿ ಬೆಸುಗೆ ಹಾಕುವುದಾದರೆ ಕ್ಯಾಡ್ಮಿಯಂ ಇಲ್ಲದ ಕಡ್ಡಿಯನ್ನೇ ಬಳಸಬೇಕೆಂದು ಗಟ್ಟಿಯಾಗಿ ಹೇಳಿ. ಕ್ಯಾಡ್ಮಿಯಂ ಆವಿ ಬೆಸೆಯುವವರಿಗೂ, ಅದರ ಅಂಶ ನೀರು ಕುಡಿಯುವವರಿಗೂ ವಿಷ. ರೇಡಿಯೋ ರಿಪೇರಿಗೆ ಬಳಸುವ ಸೀಸ-ತವರದ ಬೆಸುಗೆ ಇಲ್ಲಿ ಎಲ್ಲಿಯೂ ಸಲ್ಲದು. ಸೀಸ ವಿಷವೆಂಬುದು ಒಂದು ಕಾರಣ. ಆ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ ಎಂಬುದು ಇನ್ನೊಂದು; ನೀರಿನ ಮಟ್ಟಕ್ಕಿಂತ ಮೇಲಿರುವ ಕೊಳವೆಯ ತುದಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ.

ಹಂತ 5: ಮುಚ್ಚುವ ಮೊದಲಿನ ನೀರಿನ ಪರೀಕ್ಷೆ

ಈ ಇಡೀ ಕೆಲಸದಲ್ಲಿ ಬಿಡಲೇಬಾರದ ಹಂತ ಇದು. ಬೆಸುಗೆಗಳ ಹೊರಬದಿಗೆ, ಅಂದರೆ ಕೊಳವೆಯ ಒಳಮೈಗೆ, ತಳದ ಬಳೆಯ ಅಡಿಗೆ, ಹೊರಗೋಡೆಯ ಹೊರಮೈಗೆ ಒಣ ಸೀಮೆಸುಣ್ಣವನ್ನು ದಟ್ಟವಾಗಿ ಉಜ್ಜಿ. ಎರಡು ಗೋಡೆಗಳ ನಡುವೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೆರೆಸಿದ ನೀರನ್ನು ಮೂತಿಯ ಕಂಡಿಯವರೆಗೆ ತುಂಬಿ. ಸೋಪು ನೀರಿನ ಬಿಗಿತವನ್ನು ಕಡಿಮೆ ಮಾಡುವುದರಿಂದ ಸಾದಾ ನೀರು ಹಾಯಲಾರದ ಸೂಜಿಮೊನೆಯಷ್ಟು ತೂತಿನಿಂದಲೂ ಅದು ಹೊರಬರುತ್ತದೆ. ಪಾತ್ರೆಯನ್ನು ಮೂರು ಗುಂಡುಕಲ್ಲುಗಳ ಮೇಲೆ, ಅಡಿಗೆ ಹಳೆಯ ಪತ್ರಿಕೆ ಹಾಸಿ, ಇಡೀ ರಾತ್ರಿ ಬಿಡಿ.

ಬೆಳಗ್ಗೆ ಸುಣ್ಣದ ಬಿಳುಪಿನಲ್ಲಿ ಕಪ್ಪಾದ ಚುಕ್ಕೆಯಿದ್ದರೆ ಅಲ್ಲಿ ಸೋರಿಕೆ ಇದೆ. ಗುರುತು ಮಾಡಿ, ನೀರು ಚೆಲ್ಲಿ, ಚೆನ್ನಾಗಿ ತೊಳೆದು ಒಣಗಿಸಿ, ಮತ್ತೆ ಬೆಸೆಯಿಸಿ, ಮತ್ತೆ ರಾತ್ರಿಯಿಡೀ ಬಿಡಿ. ನೀರು ಅಥವಾ ಸೋಪು ಉಳಿದಿರುವ ಜಾಗದ ಮೇಲೆ ಬೆಸೆದರೆ ಗುಳ್ಳೆ ಎದ್ದು ಇನ್ನಷ್ಟು ತೂತುಗಳಾಗುತ್ತವೆ. ಎರಡು ರಾತ್ರಿ ಸತತವಾಗಿ ಸುಣ್ಣ ಬಿಳಿಯಾಗಿಯೇ ಉಳಿದರೆ ಮಾತ್ರ ಮುಂದಿನ ಹಂತ.

ಹಂತ 6: ಮೇಲಿನ ಬಳೆ

ಎರಡನೆಯ ಸಲ ಅಂಗಡಿಗೆ ಹೋದಾಗ ಮೇಲಿನ ಬಳೆಯೊಂದೇ ಕೆಲಸ. ಅದರ ಎರಡೂ ಬೆಸುಗೆಗಳು ಮೇಲಿನಿಂದ ಕಾಣುವುದರಿಂದ ಎಂದಾದರೂ ಸೋರಿದರೆ ಸರಿಪಡಿಸಬಹುದು. ಬೆಸೆಯುವಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಆದ್ದರಿಂದ ಮೂತಿಯನ್ನು ಬಟ್ಟೆಯಿಂದಲೂ ಮುಚ್ಚಬಾರದು.

ಇದಾದ ಮೇಲೆ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ಮುಳುಗಿಸಿ ನೋಡುವಂತೆ ಕೆಟ್ಲಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮೂತಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ಬಾಯಿಂದ ಮೆಲ್ಲಗೆ ಊದಿ ಗುಳ್ಳೆ ಬರುವುದೇ ನೋಡಿ. ಬಾಯಿಂದ ಮಾತ್ರ. ಸೈಕಲ್ ಪಂಪಾಗಲಿ ಕಂಪ್ರೆಸರ್ ಆಗಲಿ ಹಚ್ಚಬಾರದು. ಇದು ಪ್ರೆಶರ್ ಕುಕ್ಕರ್ ಅಲ್ಲ, ಈ ತಗಡು ಒತ್ತಡವನ್ನು ತಡೆಯುವುದಕ್ಕಾಗಿ ಆರಿಸಿದ್ದಲ್ಲ.

ಹಂತ 7: ಉರಿಬಟ್ಟಲು

ಬಾಯಿ 11 ಸೆಂ.ಮೀ., ಆಳ 6 ಸೆಂ.ಮೀ. ಇರುವ ಸ್ಟೀಲ್ ಡಬ್ಬಿಯ ತಳಭಾಗ ಸಾಕು. ಒಂದೇ ಬದಿಗೆ, ಒಂದಕ್ಕೊಂದು ಕಾಲು ಸುತ್ತಿನ ಅಂತರದಲ್ಲಿ, 3.2 ಸೆಂ.ಮೀ. ವ್ಯಾಸದ ಎರಡು ಗಾಳಿಕಂಡಿಗಳನ್ನು ಕೊರೆಯಿರಿ. ಅವುಗಳ ಕೆಳ ಅಂಚು ತಳದಿಂದ 1 ಸೆಂ.ಮೀ. ಮೇಲಿದ್ದರೆ ಬೂದಿ ಹೊರಗೆ ಚೆಲ್ಲುವುದಿಲ್ಲ. ಎರಡು ಕಂಡಿಗಳ ಒಟ್ಟು ವಿಸ್ತಾರ 16 ಚದರ ಸೆಂ.ಮೀ., ಕೊಳವೆಯ ತುದಿಯ ವಿಸ್ತಾರವೂ ಅಷ್ಟೇ. ಎದುರುಬದುರು ಕಂಡಿ ಕೊರೆದರೆ ಗಾಳಿ ಒಂದರಿಂದ ನುಗ್ಗಿ ಇನ್ನೊಂದರಿಂದ ಹೊರಟುಹೋಗಿ ಉರಿಯನ್ನು ಪಕ್ಕಕ್ಕೆ ಎಳೆಯುತ್ತದೆ. ತಳಕ್ಕೆ ಮೂರು ಬೋಲ್ಟುಗಳನ್ನು ಕಾಲಿನಂತೆ ಹಾಕಿ ನೆಲದಿಂದ 1 ಸೆಂ.ಮೀ. ಎತ್ತರಿಸಿದರೆ ಅಡಿಯ ಹುಲ್ಲು, ತರಗೆಲೆ ಸುಡುವುದು ತಪ್ಪುತ್ತದೆ.

ಮುಚ್ಚಳದ ಬಗ್ಗೆ ಒಂದು ಮಾತು

ಮೂತಿಗೆ ಬಿಗಿಯಾದ ಬಿರಡೆ ಮಾಡಲೇಬೇಡಿ. ಅಂಗಡಿಯಲ್ಲಿ ಸಿಗುವ ಕೆಟ್ಲಿಗಳೊಂದಿಗೆ ನೀರು ಒಯ್ಯಲೆಂದು ಬಿರಡೆ ಕೊಡುವುದುಂಟು. ಅದನ್ನು ತೆಗೆಯಲು ಮರೆತು ಉರಿ ಹಚ್ಚಿದರೆ ಪಾತ್ರೆ ಬಾಂಬಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹೆಚ್ಚುತ್ತದೆ. ಮರೆವಿನಿಂದ ಆಗಬಹುದಾದ ಅಪಾಯಕ್ಕೆ ಎಚ್ಚರಿಕೆಯ ಚೀಟಿ ಪರಿಹಾರವಲ್ಲ, ಆ ವಸ್ತುವನ್ನೇ ಇಟ್ಟುಕೊಳ್ಳದಿರುವುದು ಪರಿಹಾರ. ನೀರನ್ನು ಬಾಟಲಿಯಲ್ಲಿ ಒಯ್ಯಿರಿ.

ಹಂತ 8: ಮೊದಲ ಉರಿ

ಬೆಳ್ಳಿ ಬೆಸುಗೆಯಾಗಿದ್ದರೆ ಅದಕ್ಕೆ ಬಳಸಿದ ಪುಡಿಯ ಅಂಶ ತೊಲಗಲು ಬಿಸಿನೀರಿನಲ್ಲಿ ಕೆಲವು ಗಂಟೆ ನೆನೆಸಿ, ಬಾಟಲ್ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಯಾವ ಬೆಸುಗೆಯಾದರೂ ಮೊದಲ ಮೂರು ಸಲ ಕುದಿಸಿದ ನೀರನ್ನು ಚೆಲ್ಲಿಬಿಡಿ.

ಮೊದಲ ಉರಿಯನ್ನು ಅಂಗಳದಲ್ಲಿ, ಪಕ್ಕದಲ್ಲಿ ಒಂದು ಬಕೆಟ್ಟು ನೀರಿಟ್ಟುಕೊಂಡು ಹಚ್ಚಿ. ಕೆಟ್ಲಿಯಲ್ಲಿ ನೀರು ತುಂಬಿದ ಮೇಲೆಯೇ ಬೆಂಕಿ, ಎಂದಿಗೂ ಅದಲುಬದಲಾಗಬಾರದು. ಬಟ್ಟಲಿನಲ್ಲಿ ಒಣಗಿದ ತೆಂಗಿನ ನಾರು, ಅದರ ಮೇಲೆ ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ತೆಳುವಾದ ಚಕ್ಕೆಗಳು. ಗಾಳಿಕಂಡಿಗಳನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿ ಹಚ್ಚಿ. ಉರಿ ಹಿಡಿದ ಮೇಲೆ ಕೆಟ್ಲಿಯನ್ನು ಕೂರಿಸಿ, 5ರಿಂದ 8 ಮಿ.ಮೀ. ದಪ್ಪದ, ಗೇಣಿಗಿಂತ ಗಿಡ್ಡವಾದ ಪುರಳೆಗಳನ್ನು ಮೂರು ಮೂರಾಗಿ ಮೇಲಿನಿಂದ ಇಳಿಸಿ. ಮುಖವನ್ನು ಬಾಯಿಯ ಮೇಲೆ ಬಗ್ಗಿಸಿ ನೋಡಬೇಡಿ. ಒಮ್ಮೊಮ್ಮೆ ಉರಿ ಒಂದಡಿ ಮೇಲಕ್ಕೆ ಚಾಚುತ್ತದೆ.

ಸರ್ವೆ ಮರದ ಪುರಳೆ, ತೆಂಗಿನ ಕರಟದ ಚೂರು, ಒಣಗಿದ ಲಂಟಾನ ಕಡ್ಡಿ ಚೆನ್ನಾಗಿ ಉರಿಯುತ್ತವೆ. ಬಗ್ಗಿಸಿದಾಗ ಟಪ್ಪನೆ ಮುರಿಯದ ಕಡ್ಡಿ ಹಸಿ ಎಂದೇ ಲೆಕ್ಕ. ಕಣಗಿಲೆಯ ಕಡ್ಡಿ, ಗೇರುಬೀಜದ ಸಿಪ್ಪೆ, ಮಲೆನಾಡಿನ ಕಾಡಿನಲ್ಲಿ ಸಿಗುವ ಹೊಳಗೇರಿನ ಕಟ್ಟಿಗೆ ಬೇಡ. ಮೊದಲನೆಯದು ವಿಷ, ಉಳಿದೆರಡರ ರಸವೂ ಹೊಗೆಯೂ ಚರ್ಮವನ್ನೂ ಕಣ್ಣನ್ನೂ ಕೆರಳಿಸುತ್ತವೆ. ಬಣ್ಣ ಬಳಿದ ಮರ, ಪ್ಲೈವುಡ್ ಚೂರುಗಳನ್ನೂ ಹಾಕಬಾರದು.

ಸೋರಿಕೆಯೋ ಬೆವರೋ?

ಉರಿ ಹಚ್ಚಿದ ಮೊದಲ ಒಂದೆರಡು ನಿಮಿಷದಲ್ಲಿ ಕೆಂಡದ ಮೇಲೆ ನೀರಿನ ಹನಿ ಬಿದ್ದು ಚುಯ್ ಎನ್ನುತ್ತದೆ. ಇದನ್ನು ಕಂಡು ಒಳ್ಳೆಯ ಕೆಟ್ಲಿಯನ್ನೇ ಕೆಟ್ಟಿತೆಂದು ಮೂಲೆಗೆಸೆದವರನ್ನು ನಾನು ಬಲ್ಲೆ. ಕಟ್ಟಿಗೆ ಉರಿಯುವಾಗ ಹೊಗೆಯಲ್ಲಿ ನೀರಾವಿಯೂ ಇರುತ್ತದೆ. ಅದು ತಣ್ಣಗಿರುವ ಕೊಳವೆಗೆ ತಗುಲಿ ಹನಿಗಟ್ಟಿ ಇಳಿಯುತ್ತದೆ. ಇದು ಕೊಳವೆಯ ಬೆವರು, ಸೋರಿಕೆಯಲ್ಲ.

ವ್ಯತ್ಯಾಸ ತಿಳಿಯುವುದು ಸುಲಭ. ಒಳಗಿನ ನೀರು ಕೈ ಸುಡುವಷ್ಟು ಬಿಸಿಯಾಗುವ ಹೊತ್ತಿಗೆ, ಸುಮಾರು 60 ಡಿಗ್ರಿ ದಾಟಿದ ಮೇಲೆ, ಬೆವರು ನಿಂತುಹೋಗುತ್ತದೆ. ನಿಜವಾದ ಸೋರಿಕೆ ನಿಲ್ಲುವುದಿಲ್ಲ. ಲೋಹ ಹಿಗ್ಗಿದಂತೆ ಹೆಚ್ಚುತ್ತದೆ, ಒಂದೇ ಜಾಗದಿಂದ ಬೀಳುತ್ತದೆ, ಮಸಿಯ ಮೇಲೆ ಒಂದು ಗೆರೆ ಬಿಡುತ್ತದೆ. ಅನುಮಾನ ಉಳಿದರೆ ಐದು ಸಲ ಕುದಿಸಿ ಆರಿಸಿದ ಬಳಿಕ, ತೊಳೆದು ಒರೆಸಿ, ಸೀಮೆಸುಣ್ಣದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ತಣ್ಣಗೆ ಗೆದ್ದ ಬೆಸುಗೆ ಕೆಲವು ಸಲ ಕಾದು ಆರಿದ ಮೇಲೆ ಬಿರುಕು ಬಿಡುವುದುಂಟು, ಆದ್ದರಿಂದ ಅನುಮಾನವಿಲ್ಲದಿದ್ದರೂ ಈ ಎರಡನೆಯ ಪರೀಕ್ಷೆ ಲಾಭದ್ದೇ.

ಹಂತ 9: ಅಳೆದು ಕುದಿಸುವುದು

"ಬೇಗ ಕುದಿಯಿತು" ಎಂಬ ಅನಿಸಿಕೆಯಿಂದ ಎರಡು ಕೆಟ್ಲಿಗಳನ್ನು ಹೋಲಿಸಲಾಗದು. ತಕ್ಕಡಿಯಲ್ಲಿ 1,000 ಗ್ರಾಂ ನೀರು ತೂಗಿ ತುಂಬಿ, ಆರಂಭದ ಉಷ್ಣತೆಯನ್ನು ಬರೆದುಕೊಳ್ಳಿ. ಎರಡು ದಿನ ಬಿಸಿಲಿಗೆ ಹಾಕಿದ ಪುರಳೆ 200 ಗ್ರಾಂ ತೂಗಿಟ್ಟುಕೊಂಡು, ಕುದಿ ಬಂದಾಗ ಎಷ್ಟು ಉಳಿಯಿತೆಂದು ತೂಗಿ. ನಿಮಿಷಕ್ಕೊಮ್ಮೆ ಉಷ್ಣತೆ ನೋಡುವಾಗ ಥರ್ಮಾಮೀಟರನ್ನು ಮೂತಿಯ ಮೂಲಕ ಇಳಿಸಿ, ಗೋಡೆಗೆ ತಾಗಿಸಬೇಡಿ. ಒಂದೇ ದಿನ, ಒಂದೇ ಬಗೆಯ ಕಟ್ಟಿಗೆಯಲ್ಲಿ ಮೂರು ಸಲ ಮಾಡಿ.

ಲೆಕ್ಕ ಹೀಗೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡಲು 4.19 ಕಿಲೋಜೂಲ್ ಶಾಖ ಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ, 25 ಡಿಗ್ರಿಯ ನೀರಿಗೆ 72 ಡಿಗ್ರಿಯ ಏರಿಕೆ, ಅಂದರೆ ಸುಮಾರು 300 ಕಿಲೋಜೂಲ್. ಒಣ ಕಟ್ಟಿಗೆಯ ಪ್ರತಿ ಗ್ರಾಮಿನಲ್ಲಿ 16 ಕಿಲೋಜೂಲ್ ಎಂದಿಟ್ಟುಕೊಂಡರೆ 100 ಗ್ರಾಂ ಉರಿಸಿದಾಗ 1,600 ಕಿಲೋಜೂಲ್ ಹೊರಬರುತ್ತದೆ. ಆಗ ನೀರಿಗೆ ಸೇರಿದ್ದು ನೂರಕ್ಕೆ 19 ಪಾಲು. ಸಣ್ಣ ಕೆಟ್ಲಿಗೆ ಇದು ಒಪ್ಪತಕ್ಕ ಫಲ. ಲೀಟರಿಗೆ 200 ಗ್ರಾಂ ದಾಟಿದರೆ ಎಲ್ಲೋ ತಪ್ಪಿದೆ.

ತಪ್ಪು ಎಲ್ಲಿದೆ ಎಂಬುದನ್ನು ಹೊಗೆಯೂ ಉರಿಯೂ ತೋರಿಸುತ್ತವೆ. ಗಾಳಿಕಂಡಿಯಿಂದ ಹೊಗೆ ಹಿಂದಕ್ಕೆ ಬರುತ್ತಿದ್ದರೆ ಕೊಳವೆ ಕಡ್ಡಿಗಳಿಂದಲೋ ಮಸಿಯಿಂದಲೋ ಕಟ್ಟಿಕೊಂಡಿದೆ. ಬಾಯಿಂದ ಉರಿ ಸತತವಾಗಿ ಗೇಣುದ್ದ ಮೇಲೇಳುತ್ತಿದ್ದರೆ ಬಿಸಿ ನೀರಿಗೆ ಸೇರದೆ ಆಕಾಶಕ್ಕೆ ಹೋಗುತ್ತಿದೆ. ಕಟ್ಟಿಗೆ ಕಡಿಮೆ ಮಾಡಿ. ದಟ್ಟ ಬಿಳಿ ಹೊಗೆ, ಕೊಳವೆಯಲ್ಲಿ ಅಂಟಂಟಾದ ಕರಿ ಕಂಡರೆ ಕಟ್ಟಿಗೆ ಹಸಿ. ಬಟ್ಟಲಿನಲ್ಲಿ ಕೆಂಡ ತುಂಬಿಕೊಂಡು ಉರಿಯೇ ಏಳದಿದ್ದರೆ ಬೂದಿ ಗಾಳಿಕಂಡಿಯ ಮಟ್ಟಕ್ಕೆ ಬಂದಿದೆ.

ಹಂತ 10: ವಾಲಿಕೆ ಮತ್ತು ಸುರಿಯುವ ಪರೀಕ್ಷೆ

ಬಟ್ಟಲಿನ ಮೇಲೆ ಕೂತ ಕೆಟ್ಲಿ ಎತ್ತರವಾಗಿ, ಬುಡ ಕಿರಿದಾಗಿ ಇರುತ್ತದೆ. ತಣ್ಣೀರು ತುಂಬಿ, ಬೆಂಕಿಯಿಲ್ಲದೆ, 50 ಸೆಂ.ಮೀ. ಉದ್ದದ ಹಲಗೆಯ ಮೇಲೆ ನಿಲ್ಲಿಸಿ ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ. ತುದಿ 13 ಸೆಂ.ಮೀ. ಏರುವವರೆಗೆ, ಅಂದರೆ 15 ಡಿಗ್ರಿ ವಾಲುವವರೆಗೆ ಅದು ಉರುಳಬಾರದು. ಹಿಡಿಯ ಭಾರ ಇಳಿಜಾರಿನ ಕಡೆಗಿರುವಂತೆಯೂ ಒಮ್ಮೆ ನೋಡಿ. ನಂತರ ಸುರಿದು ನೋಡಿ: ಕೆಟ್ಲಿಯನ್ನು ಬಟ್ಟಲಿನಿಂದ ಪೂರ್ತಿ ಎತ್ತಿ ಪಕ್ಕಕ್ಕಿಟ್ಟ ಮೇಲೆಯೇ ಬಗ್ಗಿಸಬೇಕು, ಇಲ್ಲವಾದರೆ ಉರಿಬಟ್ಟಲು ಜೊತೆಗೆ ವಾಲುತ್ತದೆ. ನೀರು ಮೂತಿಯಿಂದ ಗೋಡೆಗುಂಟ ಇಳಿಯುತ್ತಿದ್ದರೆ ಮೂತಿಯ ಕೆಳ ಅಂಚನ್ನು ಅರದಿಂದ ಚೂಪಾಗಿಸಿ.

ಬಳಸುವ ಜಾಗ

ಡೇರೆಯೊಳಗೆ, ಮುಚ್ಚಿದ ಕೋಣೆಯಲ್ಲಿ, ಕಾರಿನ ಹಿಂಬಾಗಿಲ ಕೆಳಗೆ ಇದನ್ನು ಉರಿಸಬಾರದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ತಲೆಸುತ್ತು ಬರುವ ಹೊತ್ತಿಗೆ ಎದ್ದು ಹೊರಬರುವ ಶಕ್ತಿಯೂ ಉಳಿದಿರುವುದಿಲ್ಲ.

ನಮ್ಮ ಚಾರಣದ ಹಾದಿಗಳಲ್ಲಿ ಬಹುಪಾಲು ಅರಣ್ಯದೊಳಗಿವೆ. ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ, ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿದೆ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ. ಕೆಟ್ಲಿಯ ಬಾಯಿಂದ ಹಾರುವ ಒಂದು ಕಿಡಿ ಬೇಸಿಗೆಯ ಬೋಳುಗುಡ್ಡದ ಹುಲ್ಲಿಗೆ ಸಾಕು. ಅಲ್ಲಿ ಇದನ್ನು ಚೀಲದಿಂದ ಹೊರಗೇ ತೆಗೆಯಬೇಡಿ. ಸ್ವಂತ ಹೊಲ, ಮಾಲೀಕರ ಅನುಮತಿಯಿರುವ ತೋಟ, ಬೆಂಕಿಗೆ ಜಾಗ ಗೊತ್ತುಮಾಡಿರುವ ಶಿಬಿರ, ಇವು ಇದಕ್ಕೆ ತಕ್ಕ ಸ್ಥಳಗಳು.

ಹಳ್ಳದ ನೀರನ್ನು ಕುಡಿಯಲು ಕುದಿಸುವುದಾದರೆ ಕೊತಕೊತ ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ. ಎತ್ತರ 2,000 ಮೀಟರ್ ದಾಟಿದಲ್ಲಿ, ಉದಾಹರಣೆಗೆ ಹಿಮಾಲಯದ ಕಡೆ ಹೋದಾಗ, ಅದು ಮೂರು ನಿಮಿಷವಾಗಬೇಕು. ಕುದಿಯುವಾಗ ಮೂತಿಯ ಮುಂದೆ ಕೈಯಾಗಲಿ ಮಗುವಾಗಲಿ ಇರಬಾರದು.

ನೀರು ಬತ್ತಿಹೋದರೆ, ಕಾದ ಕೆಟ್ಲಿಗೆ ತಣ್ಣೀರು ಸುರಿಯುವುದು ಮೊದಲು ಹೊಳೆಯುವ ಉಪಾಯ, ಮಾಡಲೇಬಾರದ ಕೆಲಸವೂ ಅದೇ. ಆವಿ ಒಮ್ಮೆಲೇ ಮುಖಕ್ಕೆ ಹೊಡೆಯುತ್ತದೆ, ಬೆಸುಗೆ ಬಿರಿಯುತ್ತದೆ. ಬಟ್ಟಲಿನಿಂದ ಎತ್ತಿ ಬರಿನೆಲದ ಮೇಲಿಟ್ಟು ತಾನಾಗಿ ಆರಲು ಬಿಡಿ. ಮುಂದಿನ ಬಳಕೆಗೆ ಮೊದಲು ಸೀಮೆಸುಣ್ಣದ ಪರೀಕ್ಷೆಗೆ ಹಚ್ಚಿ. ಬೂದಿಗೆ ನೀರು ಹಾಕಿ ಕಲಕಿ, ಕೈಯಿಂದ ಮುಟ್ಟಲಾಗುವಷ್ಟು ತಣ್ಣಗಾದ ಮೇಲೆ ಜಾಗ ಬಿಡಿ.

ಶುಚಿ ಮತ್ತು ಶೇಖರಣೆ

ಕೊಳವೆಯ ಮಸಿಯನ್ನು ನಾಲ್ಕೈದು ಬಳಕೆಗೊಮ್ಮೆ ಒಣ ಬ್ರಷ್‌ನಿಂದ ಉಜ್ಜಿದರೆ ಸಾಕು. ತೆಳುವಾದ ಕಪ್ಪು ಉಳಿದರೆ ಕೇಡಿಲ್ಲ, ದಪ್ಪ ಪದರ ಮಾತ್ರ ಬಿಸಿಯನ್ನು ತಡೆಯುತ್ತದೆ. ಬೋರ್‌ವೆಲ್ ನೀರು ಬಳಸುವವರಿಗೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ನಿಂಬೆರಸ ಅಥವಾ ಹುಣಸೆಹುಳಿ ಕದಡಿದ ಬಿಸಿನೀರನ್ನು ಸ್ಟೀಲ್ ಕೆಟ್ಲಿಯಲ್ಲಿ ಒಂದು ಗಂಟೆ ಬಿಟ್ಟು ಕುಲುಕಿ ಚೆಲ್ಲಿದರೆ ಅದು ಹೋಗುತ್ತದೆ. ಕಲಾಯಿ ಹಾಕಿದ ತಾಮ್ರಕ್ಕೆ ಹುಳಿಯನ್ನು ಹೀಗೆ ಬಿಡಬಾರದು. ಚಹಾಪುಡಿ, ಹಾಲು, ಸಕ್ಕರೆಗಳನ್ನು ಕೆಟ್ಲಿಯೊಳಗೆ ಎಂದೂ ಹಾಕಬೇಡಿ, ಎರಡು ಗೋಡೆಗಳ ನಡುವೆ ಬ್ರಷ್ ಹೋಗದ ಮೂಲೆಗಳನ್ನು ತೊಳೆಯಲಾಗುವುದಿಲ್ಲ. ಬಳಸಿದ ಮೇಲೆ ಮೂತಿಯನ್ನು ಕೆಳಮುಖ ಮಾಡಿ ನೀರಿಳಿಸಿ, ಬಿಸಿಲಿನಲ್ಲಿ ಅರ್ಧ ದಿನ ಇಟ್ಟು, ಒಳಗಿನ ತೇವ ಪೂರ್ತಿ ಆರಿದ ನಂತರವೇ ಚೀಲಕ್ಕೆ ಹಾಕಿ.